ಅಕ್ಕ ಅಳಿಸಿದ ಸಾಲು

ತಿರುಪ್ಪೂರಿನ ಒಂದು ಎಕ್ಸ್‌ಪೋರ್ಟ್ ಕಂಪೆನಿಗೆ ನಾನು ಮರ್ಚೆಂಡೈಸರ್ ಆಗಿ ಸೇರಿದ ಮೊದಲ ವಾರದಲ್ಲೇ ಅಕ್ಕ ಸಿಕ್ಕರು. ಮರ್ಚೆಂಡೈಸರ್ ಅಂದರೆ ಹೊರದೇಶದಲ್ಲಿ ಬಟ್ಟೆ ಕೊಳ್ಳುವವನಿಗೂ ಇಲ್ಲಿ ಹೊಲಿಯುವವರಿಗೂ ನಡುವೆ ನಿಂತು ಎರಡೂ ಕಡೆಯ ಬೈಗುಳ ಕೇಳುವ ಕೆಲಸ. ಬಣ್ಣ ಒಂದಿಷ್ಟು ಗಾಢವಾದರೂ ನಾವೇ ಉತ್ತರ ಕೊಡಬೇಕು, ಗುಂಡಿ ತಡವಾಗಿ ಬಂದರೂ ನಾವೇ. ಆ ದಿನ ಯಾವುದೋ ಸ್ಯಾಂಪಲ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನ ತಿರುವಿನಲ್ಲಿ ಒಬ್ಬರು ಗೋಡೆಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು. "ಬರೀ ಹೊಟ್ಟೇಲಿ ಮಾತ್ರೆ ತಿನ್‌ಬೇಡಮ್ಮಾ. ಎರಡು ಇಡ್ಲಿ ತಿನ್ನು, ಆಮೇಲೆ ಮಾತ್ರೆ."

ನಾನು ನಿಂತುಬಿಟ್ಟೆ. ಅದು ನಮ್ಮ ಮನೆಯ ಕನ್ನಡ. ತಮಿಳಿನ ರಾಗದಲ್ಲಿ ಹೇಳುವ, ನಡುನಡುವೆ ತಮಿಳು ಪದ ಬೆರೆತ, ಕರ್ನಾಟಕದವರು ಕೇಳಿದರೆ ಸ್ವಲ್ಪ ನಗುವ ಕನ್ನಡ. ಕೊಯಮತ್ತೂರಿನಲ್ಲಿ ನಮ್ಮ ಮನೆಯೊಳಗೆ, ಬಳಗದ ಮದುವೆಗಳಲ್ಲಿ ಬಿಟ್ಟರೆ ನಾನು ಅದನ್ನು ಹೊರಗೆ ಕೇಳಿದ್ದೇ ಕಡಿಮೆ. ಅವರು ಫೋನ್ ಇಡುವವರೆಗೂ ಕಾದು, "ನೀವು ನಮ್ಮೋರಾ?" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವೂರಮ್ಮ ನಿಂದು?" ಅಂದರು. ಅವರದು ಅವಿನಾಶಿಯ ಹತ್ತಿರದ ಊರು. ಹೊಲ ಇದ್ದ ಮನೆ. ಅವತ್ತಿನಿಂದ ಅವರು ನನಗೆ ಅಕ್ಕ.

ಅಕ್ಕ ಆ ಕಂಪೆನಿಯಲ್ಲಿ ಮಕ್ಕಳ ಉಡುಪಿನ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದರು. ಕೆಲಸ ನನಗೆ ಬಂದದ್ದು ಅವರಿಂದಲೇ. ಆಫೀಸಿನಲ್ಲಿ ಎಲ್ಲರೊಂದಿಗೂ ತಮಿಳು, ಖರೀದಿದಾರರಿಗೆ ಇಂಗ್ಲಿಷ್, ನಮ್ಮಿಬ್ಬರ ನಡುವೆ ಮಾತ್ರ ಕನ್ನಡ. ಸಂಬಳ, ಸಂಸಾರ, ಮೇಲಿನವರ ಮೇಲಿನ ಸಿಟ್ಟು ಎಲ್ಲವನ್ನೂ ತುಂಬಿದ ಆಫೀಸಿನ ನಡುವೆ ಕೂತೇ ಮಾತಾಡುತ್ತಿದ್ದೆವು. ನಮ್ಮ ಎಚ್‌ಆರ್ ಮ್ಯಾನೇಜರ್ ಪಕ್ಕದಲ್ಲಿ ಹಾದುಹೋಗುವಾಗ, "ಇಬ್ಬರೂ ಯಾವ ಗುಟ್ಟು ಮಾತಾಡ್ತಿದೀರಿ?" ಅಂತ ನಗುತ್ತಾ ಕೇಳುತ್ತಿದ್ದರು. ನಾವೂ ನಗುತ್ತಿದ್ದೆವು.

ಆ ಮನುಷ್ಯ ಕೂಗಾಡುವವರಲ್ಲ. ಅದನ್ನು ಹೇಳಲೇಬೇಕು. ನಾನು ಸೇರಿದ ದಿನ ಎದುರಿಗೆ ಕೂರಿಸಿ, ಕಾಫಿ ತರಿಸಿ, ನನ್ನ ಡಿಗ್ರಿಯ ಒರಿಜಿನಲ್ ಸರ್ಟಿಫಿಕೇಟುಗಳನ್ನು ಕೇಳಿದ್ದರು. "ಇಲ್ಲಿ ಬೀರುವಿನಲ್ಲಿ ಭದ್ರವಾಗಿರುತ್ತೆ ಮೇಡಂ. ಕಂಪೆನಿಯ ರೂಲು." ನನ್ನ ಜೊತೆ ಸೇರಿದವರೆಲ್ಲ ಕೊಟ್ಟರು, ನಾನೂ ಕೊಟ್ಟೆ. ಹಾಗೆ ಇಟ್ಟುಕೊಳ್ಳಲು ಯಾವ ಕಂಪೆನಿಗೂ ಹಕ್ಕಿಲ್ಲ ಅನ್ನುವುದು ಆಮೇಲೆ ತಿಳಿಯಿತು. ತಿಳಿದು ಏನು ಮಾಡುವುದು? ಜಗಳ ಆಡಿ ಹೊರಗೆ ಹೋದರೆ ಮುಂದಿನ ಕಂಪೆನಿಗೆ ನಮಗಿಂತ ಮೊದಲು ಒಂದು ಫೋನ್ ಹೋಗಿರುತ್ತದೆ. ತಿರುಪ್ಪೂರು ಎಷ್ಟೇ ದೊಡ್ಡ ಊರಾದರೂ ನಮ್ಮ ಕೆಲಸದವರ ಲೋಕ ಚಿಕ್ಕದು.

ಒರಿಜಿನಲ್ ಕೊಟ್ಟದ್ದರ ಬಿಸಿ ಮೊದಲು ತಟ್ಟಿದ್ದು ಅಕ್ಕನಿಗೆ. ಅವರಿಗೆ ಕೊಯಮತ್ತೂರಿನಲ್ಲಿ, ಹೊರದೇಶದ ಖರೀದಿದಾರರ ಪರವಾಗಿ ಬಟ್ಟೆ ಕೊಳ್ಳುವ ಒಂದು ಬೈಯಿಂಗ್ ಆಫೀಸಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಅಲ್ಲಿಯವರು ಒರಿಜಿನಲ್ ತೋರಿಸಿ ಸೇರಿಕೊಳ್ಳಿ ಅಂದರು. ಅಕ್ಕ ರಾಜೀನಾಮೆ ಕೊಟ್ಟು ಸರ್ಟಿಫಿಕೇಟ್ ಕೇಳಿದರು. "ಈ ಶಿಪ್‌ಮೆಂಟ್ ಹೋಗಲಿ" ಅಂದರು ಮ್ಯಾನೇಜರ್. ಅದು ಹೋಯಿತು. "ಬದಲಿ ಜನ ಬರಲಿ" ಅಂದರು. ಆಮೇಲೆ ಬೀರುವಿನ ಬೀಗದ ಕೈ ಇರುವವರು ಊರಲ್ಲಿಲ್ಲ ಅಂದರು. ಒಮ್ಮೆಯೂ ಕೊಡುವುದಿಲ್ಲ ಅನ್ನಲಿಲ್ಲ. ಕೆಲಸ ಬಿಟ್ಟ ಮೇಲೂ ಅಕ್ಕ ಅವಿನಾಶಿಯಿಂದ ಬಸ್ಸು ಹಿಡಿದು ಬಂದು ರಿಸೆಪ್ಶನ್ನಿನ ಸೋಫಾದಲ್ಲಿ ಕೂರುತ್ತಿದ್ದರು. ನಾನು ಗಾಜಿನ ಬಾಗಿಲಿನಾಚೆ ಅವರನ್ನು ನೋಡುತ್ತಾ ಕೆಲಸ ಮಾಡುತ್ತಿದ್ದೆ. ಕೊನೆಗೆ ಸರ್ಟಿಫಿಕೇಟ್ ಕೈಗೆ ಬರುವಷ್ಟರಲ್ಲಿ ಕೊಯಮತ್ತೂರಿನವರು ಬೇರೆಯವರನ್ನು ತೆಗೆದುಕೊಂಡಿದ್ದರು.

ಅಕ್ಕ ಅಳಲಿಲ್ಲ. ಅವರ ಯಜಮಾನರ ಮನೆಯವರದು ಆನೈಮಲೈಯಲ್ಲಿ ತೆಂಗಿನಕಾಯಿ ವ್ಯಾಪಾರ. ಅಲ್ಲಿಗೇ ಹೋಗಿ ಅವರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ ಅಂದರು. ಹೋಗುವ ಮುಂಚೆ ಒಂದು ಭಾನುವಾರ ನನ್ನನ್ನು ತವರುಮನೆಗೆ ಊಟಕ್ಕೆ ಕರೆದರು.

ಊಟ ಆದ ಮೇಲೆ ಅಕ್ಕ ಫೋನ್ ತೆಗೆದು, "ಒಂದು ಬರ್ದಿದೀನಿ, ನೋಡಮ್ಮ" ಅಂದರು. ಕೆಲಸ ಮಾಡಿದವರು ತಮ್ಮ ಕಂಪೆನಿ ಹೇಗಿದೆ ಅಂತ ಹೆಸರು ಹೇಳದೆ ಬರೆಯುವ ವೆಬ್‌ಸೈಟುಗಳಿವೆಯಲ್ಲ, ಅಂಥದ್ದಕ್ಕೆ ಹಾಕಲು ಬರೆದದ್ದು. ಇಂಗ್ಲಿಷಿನಲ್ಲಿತ್ತು. ಅದರ ಸಾರ ನನಗೆ ಈಗಲೂ ನೆನಪಿದೆ: "ಸೇರುವ ದಿನ ಒರಿಜಿನಲ್ ಸರ್ಟಿಫಿಕೇಟ್ ಕೇಳುತ್ತಾರೆ. ಕೊಡಬೇಡಿ. ವಾಪಸು ಪಡೆಯಲು ನಾನು ತಿಂಗಳುಗಟ್ಟಲೆ ಅಲೆದೆ. ಅಷ್ಟರಲ್ಲಿ ಸಿಕ್ಕಿದ್ದ ಕೆಲಸ ಹೋಯಿತು."

"ಸರಿಯಾಗಿದೆ ಅಕ್ಕಾ" ಅಂದೆ.

"ನಾನು ಅಂತ ಗೊತ್ತಾಗುತ್ತಾ?"

ಹಾಗೆ ಶುರುವಾಯಿತು. ಅಕ್ಕ ಜಾಗ್ರತೆಯ ಮನುಷ್ಯೆ. ಆಫೀಸಿನ ವೈಫೈಗೆ ಎಂದೂ ಸೇರಿಸದ ಫೋನಿನಿಂದಲೇ ಹಾಕುವುದು ಅಂತ ಮೊದಲೇ ಯೋಚಿಸಿದ್ದರು, ಅದಕ್ಕೆಂದೇ ಹೊಸ ಇಮೇಲ್ ಮಾಡಿಕೊಂಡಿದ್ದರು. ಇಬ್ಬರೂ ಚಾಪೆಯ ಮೇಲೆ ಕೂತು ಒಂದೊಂದೇ ಸಾಲು ನೋಡಿದೆವು. "ಮಕ್ಕಳ ಉಡುಪಿನ ವಿಭಾಗ" ಅಂತಿತ್ತು. ಆ ವಿಭಾಗದಿಂದ ಬಿಟ್ಟವರು ಇವರೊಬ್ಬರೇ. ತೆಗೆದೆವು. ಎಷ್ಟು ವರ್ಷ ಕೆಲಸ ಮಾಡಿದೆ ಅನ್ನುವುದನ್ನು ಬದಲಿಸಿದೆವು. ಹೆಂಗಸರ ಕಷ್ಟದ ಮಾತೊಂದಿತ್ತು, ಅದನ್ನು ಗಂಡಸರೂ ಬರೆಯಬಹುದಾದ ಹಾಗೆ ತಿದ್ದಿದೆವು. ಅಕ್ಕನಿಗೆ ಇಂಗ್ಲಿಷ್ ವಾಕ್ಯದ ಕೊನೆಗೆ "ಆಲ್ರೆಡಿ" ಸೇರಿಸುವ ಅಭ್ಯಾಸ. ಇಡೀ ಆಫೀಸು ಅದನ್ನು ಅವರ ಇಮೇಲುಗಳಲ್ಲಿ ಓದಿ ಓದಿ ತಮಾಷೆ ಮಾಡಿತ್ತು. ಹುಡುಕಿ ಹುಡುಕಿ ಆ ಪದ ಕಿತ್ತೆವು. ನಗು ಬರುತ್ತಿತ್ತು. ಕಳ್ಳರು ಬೆರಳಚ್ಚು ಒರೆಸುವ ಹಾಗೆ, ಅಂದರು ಅಕ್ಕ. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ನಾವು ಸ್ವಲ್ಪ ಜೋರಾಗಿಯೇ ಮಾತಾಡಬೇಕಿತ್ತು.

ಅಕ್ಕನ ಅಮ್ಮ ಒಳಗಿನಿಂದ ಬಂದು, "ಏನ್ರಮ್ಮಾ ಅಷ್ಟು ಹೊತ್ತಿನಿಂದ ಬರೀತಿದೀರಿ?" ಅಂದರು.

"ಕಂಪೆನಿಗೆ ಮಾರ್ಕ್ ಹಾಕ್ತಾ ಇದೀವಿ" ಅಂದರು ಅಕ್ಕ.

"ಎಷ್ಟು ಹಾಕಿದ್ರಿ?"

"ಐದಕ್ಕೆ ಎರಡು."

"ಪಾವಂ. ಇಷ್ಟು ವರ್ಷ ಸಂಬಳ ಕೊಟ್ಟಿದಾರಲ್ಲ, ಇನ್ನೊಂದು ಹಾಕಿ."

ಅಕ್ಕ ನಗುತ್ತಾ ಮೂರು ನಕ್ಷತ್ರ ಒತ್ತಿದರು. ಎರಡು ಹಾಕಿದರೆ ಸಿಟ್ಟಿನಲ್ಲಿ ಬಿಟ್ಟವರು ಅಂತ ಅನುಮಾನ ಬರುತ್ತೆ, ಮೂರೇ ಒಳ್ಳೆಯದು ಅಂತ ನಾನೂ ಹೇಳಿದೆ.

ಕೊನೆಗೆ ಉಳಿದದ್ದು ಸರ್ಟಿಫಿಕೇಟಿನ ಸಾಲು. ಅಕ್ಕ ಅದನ್ನು ಮತ್ತೊಮ್ಮೆ ಓದಿದರು. ಆಗ ಹಾಗೆ ಅಲೆದವರು ಅವರೊಬ್ಬರೇ. ರಿಸೆಪ್ಶನ್ನಿನ ಸೋಫಾದಲ್ಲಿ ಕೂತದ್ದನ್ನು ಎಲ್ಲರೂ ನೋಡಿದ್ದರು.

"ಇದ್ದರೆ ನಾನು ಅಂತ ಗೊತ್ತಾಗುತ್ತೆ" ಅಂದರು. "ಗೊತ್ತಾದ್ರೆ ಆಗಲಿ ಅಂದ್ಕೊಂಡಿದ್ದೆ. ನಂದು ಕೈಗೆ ಬಂದಾಯ್ತಲ್ಲ. ಆದ್ರೆ ನಿಂದು ಇನ್ನೂ ಅಲ್ಲೇ ಇದೆ. ನಾವಿಬ್ರೂ ಸೇರಿ ಬರ್ದಿದ್ದು ಅಂತಾನೇ ಅವರು ಅಂದ್ಕೊಳ್ಳೋದು."

ನಾನು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಆ ವರ್ಷ ನನಗೆ ಕೈಗೂಸಿತ್ತು, ಅಪ್ಪನಿಗೆ ಆಪರೇಷನ್ ಆಗಿತ್ತು, ಕೆಲಸ ಬಿಡುವ ಸ್ಥಿತಿ ಅಲ್ಲ. ಅಕ್ಕನಿಗೆ ಅದೆಲ್ಲ ಗೊತ್ತಿತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಅಳಿಸಿ, ಅದರ ಜಾಗದಲ್ಲಿ "ಕೆಲಸ ಬಿಡುವಾಗಿನ ವ್ಯವಸ್ಥೆ ಇನ್ನೂ ಸುಧಾರಿಸಬಹುದು" ಅಂತ ಬರೆದರು. ಅದರ ಮೇಲಿನ ಎರಡು ಸಾಲು ಹೀಗಿದ್ದವು: ಕೆಲಸ ಕಲಿಯಲು ಒಳ್ಳೆಯ ಜಾಗ, ಒತ್ತಡ ಸ್ವಲ್ಪ ಜಾಸ್ತಿ. ಅಷ್ಟೇ ಉಳಿದಿತ್ತು. ಆದರೂ ಹಾಕಿದ ಮೇಲೆ ಇಬ್ಬರಿಗೂ ಏನೋ ಮಾಡಿದ ಸಮಾಧಾನ. ಅಮ್ಮ ಕಾಫಿ ಕೊಟ್ಟರು.

ನಾವು ಅಂದುಕೊಂಡಿದ್ದು ಹುಸಿಯಾಗಲಿಲ್ಲ. ಆ ಬರಹ ವೆಬ್‌ಸೈಟಿನಲ್ಲಿ ಬಂದಾಗ ಮ್ಯಾನೇಜರ್ ಅದನ್ನು ಮೀಟಿಂಗಿನಲ್ಲಿ ಎಲ್ಲರೆದುರು ಓದಿದರು. "ಯಾರೋ ನಮ್ಮ ಹಳಬರು ಬರೆದಿದ್ದಾರೆ. ಒಳ್ಳೆಯ ಮನಸ್ಸಿನಿಂದ ಬರೆದಿದ್ದಾರೆ. ಒತ್ತಡ ಕಡಿಮೆ ಮಾಡಲು ನೋಡೋಣ" ಅಂದರು. ನನ್ನ ಕಡೆ ಯಾರೂ ತಿರುಗಲಿಲ್ಲ. ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದಾಗ ಅವರು ಖುಷಿಪಟ್ಟರು.

ಕೆಲವು ತಿಂಗಳಾದ ಮೇಲೆ ಅಕ್ಕನ ಮೇಜಿಗೆ ಒಬ್ಬ ಹುಡುಗಿ ಬಂದಳು. ಮೆಟ್ಟುಪಾಳ್ಯದವಳು. ತಂದೆ ತರಕಾರಿ ಮಂಡಿಯಲ್ಲಿ ವ್ಯಾಪಾರಿ. ಉಡುಪು ವಿನ್ಯಾಸದಲ್ಲಿ ಡಿಗ್ರಿ ಮುಗಿಸಿ ಮೊದಲ ಸಲ ಕೆಲಸಕ್ಕೆ ಬಂದವಳು, ಕೈಯಲ್ಲಿ ಯಾವಾಗಲೂ ಒಂದು ಪೆನ್ಸಿಲು. ಅವಳಿಗೆ ಕನ್ನಡ ಬಾರದು, ನಾವು ತಮಿಳಿನಲ್ಲೇ ಮಾತಾಡುತ್ತಿದ್ದೆವು. ಇಲ್ಲಿ ಬರುವ ಅವಳ ಮಾತುಗಳನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ಅವಳು ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದಳು. ಅವಳು ಸೇರಿದ ದಿನ ನಾನು ಬಣ್ಣ ಹಾಕುವ ಘಟಕಕ್ಕೆ ಹೋಗಿದ್ದೆ. ಮಾರನೆಯ ದಿನ ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತಾ ನಾನು ಮೊದಲು ಕೇಳಿದ್ದೇ, "ಸರ್ಟಿಫಿಕೇಟ್ ಕೊಟ್ಟೆಯಾ?" ಅಂತ.

"ನಿನ್ನೆನೇ ಕೊಟ್ಟೆ ಅಕ್ಕಾ. ಯಾಕೆ?"

"ಒರಿಜಿನಲ್ಲಾ?"

"ಹೂಂ. ಅಪ್ಪನಿಗೆ ಸ್ವಲ್ಪ ಭಯ ಇತ್ತು. ನಾನೇ ಧೈರ್ಯ ಹೇಳಿದೆ. ಸೇರೋ ಮುಂಚೆ ನೆಟ್‌ನಲ್ಲಿ ಎಲ್ಲ ಓದಿದ್ದೆ. ಒಬ್ಬರು ತುಂಬಾ ನ್ಯಾಯವಾಗಿ ಬರ್ದಿದ್ರು. ಕಲಿಯೋಕೆ ಒಳ್ಳೇ ಜಾಗ, ಸ್ವಲ್ಪ ಒತ್ತಡ ಅಂತ. ಒತ್ತಡ ಎಲ್ಲಿಲ್ಲ ಹೇಳಿ? ಅಪ್ಪನಿಗೂ ಅದನ್ನೇ ಓದಿ ಹೇಳಿದೆ. ಮೂರು ನಕ್ಷತ್ರ. ಐದು ಹಾಕಿದವರನ್ನ ನಂಬೋಕಾಗಲ್ಲ, ಮೂರು ಹಾಕಿದವರು ನಿಜ ಹೇಳ್ತಾರೆ."

ಅವಳು ನಾರ್ತಂಗಾಯಿ ಉಪ್ಪಿನಕಾಯಿ ಬೇಕಾ ಅಂತ ಕೇಳುತ್ತಿದ್ದಳು. ಆ ಬರಹ ಬರೆದ ಚಾಪೆಯ ಮೇಲೆ ನಾನೂ ಕೂತಿದ್ದೆ ಅಂತ ಅವಳಿಗೆ ಹೇಗೆ ಹೇಳಲಿ? ಆ ದಿನ ಹೇಳಲಿಲ್ಲ. ಬೇರೆ ಕಡೆ ಅರ್ಜಿ ಹಾಕುವಾಗ ಮುಂಚೆಯೇ ಸರ್ಟಿಫಿಕೇಟ್ ಕೇಳಿಟ್ಟುಕೋ ಅಂತಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು.

ಅವಳು ಚುರುಕಿನ ಹುಡುಗಿ. ಮಕ್ಕಳ ಅಂಗಿಯ ಕುತ್ತಿಗೆ ಸ್ವಲ್ಪ ಅಗಲವಾದರೆ ಹಾಕಲು ಸುಲಭ ಅಂತ ಖರೀದಿದಾರನಿಗೇ ಚಿತ್ರ ಬರೆದು ಕಳಿಸಿ ಒಪ್ಪಿಸಿದವಳು. ಅವಳಿಗೆ ಮುಂದೆ ಓದುವ ಆಸೆ ಇದ್ದದ್ದು ನನಗೆ ಗೊತ್ತಿತ್ತು. ಮರುವರ್ಷ ಪ್ರವೇಶ ಪರೀಕ್ಷೆ ಬರೆದಳು, ಹೊರರಾಜ್ಯದ ಒಂದು ಒಳ್ಳೆಯ ಕಾಲೇಜಿನಲ್ಲಿ ಸೀಟು ಬಂತು. ಪಟ್ಟಿಯಲ್ಲಿ ಹೆಸರು ಕಂಡ ದಿನ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದಳು. ಮ್ಯಾನೇಜರ್ ಎರಡು ತಿಂದರು. ಪ್ರವೇಶದ ದಿನ ಒರಿಜಿನಲ್ ತೋರಿಸಬೇಕಿತ್ತು.

"ಕೊಡೋಣ, ಕೊಡೋಣ. ಈ ಶಿಪ್‌ಮೆಂಟ್ ಹೋಗಲಿ" ಅಂದರು ಮ್ಯಾನೇಜರ್.

ಆ ಮಾತು ನನ್ನ ಕಿವಿಗೆ ಬಿದ್ದಾಗ ನಾನು ಎದ್ದು ಅವರ ಕೋಣೆಗೆ ಹೋದೆ. ಹುಡುಗಿ ಅಲ್ಲೇ ನಿಂತಿದ್ದಳು. "ಸಾರ್, ಇದು ಓದುವ ವಿಷಯ. ದಿನ ತಪ್ಪಿದರೆ ಸೀಟು ಹೋಗುತ್ತೆ. ಕೊಟ್ಟುಬಿಡಿ. ಅವಳ ಆರ್ಡರುಗಳನ್ನು ನಾನು ನೋಡಿಕೊಳ್ತೀನಿ" ಅಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಯಾಕೆ ಮೇಡಂ ಮನಸ್ಸಿಗೆ ಹಚ್ಕೊಳ್ತೀರಿ? ನಿಮ್ಮದೂ ಇಲ್ಲೇ ಇದೆಯಲ್ಲ, ಭದ್ರವಾಗಿ."

ಬೆದರಿಕೆಯ ದನಿಯೇ ಇರಲಿಲ್ಲ. ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. ನಾವಿಬ್ಬರೂ ಹೊರಗೆ ಬಂದೆವು.

ಅವಳ ತಂದೆ ಬಂದರು. ಮಂಡಿಯಿಂದ ನೇರ ಬಂದವರು, ಅಂಗಿಯಲ್ಲಿ ಹಸಿಶುಂಠಿಯ ವಾಸನೆ. ಅವರಿಗೂ ಕಾಫಿ ಸಿಕ್ಕಿತು, ಮರ್ಯಾದೆ ಸಿಕ್ಕಿತು, ಸರ್ಟಿಫಿಕೇಟ್ ಸಿಗಲಿಲ್ಲ. ಯಾರೋ ಹೇಳಿದರು, ಯೂನಿವರ್ಸಿಟಿಯಲ್ಲಿ ಡೂಪ್ಲಿಕೇಟ್ ಕೊಡುತ್ತಾರೆ, ಪೊಲೀಸ್ ಸ್ಟೇಷನ್ನಿನಲ್ಲಿ ಕಳೆದುಹೋಗಿದೆ ಅಂತ ಒಂದು ದೂರು ಕೊಟ್ಟರೆ ಸಾಕು ಅಂತ. ಹುಡುಗಿ ಒಪ್ಪಲಿಲ್ಲ. "ಕಳೆದುಹೋಗಿಲ್ಲ ಅಕ್ಕಾ. ಯಾವ ಬೀರುವಿನಲ್ಲಿದೆ ಅಂತ ನನಗೆ ಗೊತ್ತು. ಇಲ್ಲಿ ಕೂತರೆ ಕಾಣುತ್ತೆ" ಅಂದಳು. ಒಪ್ಪಿದ್ದರೂ ಹೊತ್ತಿಗೆ ಸಿಗುತ್ತಿತ್ತೋ ಇಲ್ಲವೋ. ಪ್ರವೇಶದ ದಿನ ದಾಟಿತು. ಅವಳ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಯಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಅವಳನ್ನು ಕ್ಯಾಂಟೀನಿನ ಹಿಂದೆ ಕೂರಿಸಿಕೊಂಡು ನಾನು ಎಲ್ಲ ಹೇಳಿದೆ. ನೀನು ಓದಿದ ಆ ಬರಹ ಯಾರದು, ಮೊದಲು ಅದರಲ್ಲಿ ಏನಿತ್ತು, ಯಾರಿಗಾಗಿ ಅಳಿಸಿದ್ದು ಅಂತ. ಅವಳು ಪೂರ್ತಿ ಕೇಳಿದಳು. ಸಿಟ್ಟು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ಅವರು ಒಳ್ಳೇದಕ್ಕೇ ಮಾಡಿದ್ದು" ಅಂದಳು. "ಆದ್ರೆ ಹಾಗೆ ಬರೆಯೋದಾದ್ರೆ ಬರೀದೇನೇ ಇರಬಹುದಿತ್ತು ಅಕ್ಕಾ. ಏನೂ ಇಲ್ಲದಿದ್ರೆ ನಾನು ಯಾರನ್ನಾದ್ರೂ ಕೇಳ್ತಿದ್ದೆ" ಅಂದಳು.



ಅವಳು ತನ್ನದನ್ನು ಬರೆದಳು. ಹೆಸರು ಬೇಡ, ಊರು ಬೇಡ, ನಾನು ಹೇಳಿಕೊಡುತ್ತೇನೆ, ತಿಳಿಯದ ಹಾಗೆ ಬರೆಯಬಹುದು ಅಂದೆ. ಆ ವಿದ್ಯೆ ನನಗೆ ಬರುತ್ತಿತ್ತಲ್ಲ. ಅವಳು ಬೇಡ ಅಂದಳು. ಸೇರಿದ್ದು, ಕೊಟ್ಟದ್ದು, ಕೇಳಿದ್ದು, ಸೀಟು ಹೋದದ್ದು ಎಲ್ಲವನ್ನೂ ಸರಳವಾಗಿ ಬರೆದು ಕೊನೆಗೆ ತನ್ನ ಪೂರ್ತಿ ಹೆಸರು ಹಾಕಿದಳು. ಅದನ್ನು ನಾನು ಬಸ್ಸಿನಲ್ಲಿ ಓದಿದೆ. ಒಂದು ಕಡೆಯೂ ಬೈದಿರಲಿಲ್ಲ.

ಆಫೀಸಿನಲ್ಲಿ ಗಾಳಿಯೇ ಬದಲಾಯಿತು. ಖರೀದಿದಾರರ ಕಡೆಯವರೂ ಇಂಥವನ್ನು ಓದುತ್ತಾರೆ ಅನ್ನುವ ಹೆದರಿಕೆ ಮೇಲಿನವರಿಗೆ ಇತ್ತು. ಅವಳನ್ನೂ ತಂದೆಯನ್ನೂ ಕರೆಸಿದರು. ಬರಹ ತೆಗೆದರೆ ಅವತ್ತೇ ಸರ್ಟಿಫಿಕೇಟ್, ಒಳ್ಳೆಯ ಅನುಭವಪತ್ರ. ಇಲ್ಲದಿದ್ದರೆ ವಕೀಲರು ನೋಡಿಕೊಳ್ಳುತ್ತಾರೆ ಅಂದರಂತೆ. ತಂದೆ ಮಗಳ ಕಡೆ ನೋಡಿ, "ಸಾಕು ಮಗಳೇ" ಅಂದರಂತೆ. ಅವರ ಎದುರಿಗೇ ಕೂತು ಅವಳು ಫೋನಿನಲ್ಲಿ ಅದನ್ನು ತೆಗೆದಳು. ಬೀರು ತೆರೆಯಲು ಬೀಗದ ಕೈ ಆಗ ತಕ್ಷಣ ಸಿಕ್ಕಿತು.

ಅವಳು ಹೋದ ಮೇಲೆ ಕಂಪೆನಿಯಲ್ಲಿ ಎರಡು ಸಂಗತಿಗಳು ನಡೆದವು. ಹಳಬರನ್ನು ಒಬ್ಬೊಬ್ಬರನ್ನಾಗಿ ಕರೆದು ಸರ್ಟಿಫಿಕೇಟುಗಳನ್ನು ವಾಪಸು ಕೊಟ್ಟರು. ನನ್ನದೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕೈಗೆ ಬಂತು, ಕೇಳದೆಯೇ. ಇನ್ನೊಂದು ದಿನ ಎಲ್ಲರನ್ನೂ ಮೀಟಿಂಗ್ ಹಾಲಿನಲ್ಲಿ ಕೂರಿಸಿ, ಕಂಪೆನಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ನೆಟ್ಟಿನಲ್ಲಿ ಹಾಕಿ ಅಂದರು. ಟೀ, ಬಜ್ಜಿ ಬಂತು. ನಮ್ಮ ಸುತ್ತ ಫೋನುಗಳಲ್ಲಿ ಐದೈದು ನಕ್ಷತ್ರಗಳು ಹೊತ್ತಿಕೊಂಡವು. ನಾನು ಹಾಕಲಿಲ್ಲ, ಫೋನಿನಲ್ಲಿ ಚಾರ್ಜಿಲ್ಲ ಅಂದೆ. ಹೊಸದಾಗಿ ಸೇರುವವರಿಂದ ಒರಿಜಿನಲ್ ಕೇಳುವುದು ಮಾತ್ರ ನಿಂತಿರಲಿಲ್ಲ. ಸ್ವಲ್ಪ ದಿನಕ್ಕೆ ನಾನೂ ಅಲ್ಲಿ ಕೆಲಸ ಬಿಟ್ಟೆ. ಬಿಟ್ಟ ಮೇಲೆ ಅಕ್ಕ ಅಳಿಸಿದ ಸಾಲನ್ನು ನನ್ನ ಮಾತಿನಲ್ಲಿ ಬರೆದು ಹಾಕಿದೆ. ಅದು ಆ ಹೊಗಳಿಕೆಗಳ ರಾಶಿಯಲ್ಲಿ ಎಲ್ಲೋ ಕೆಳಗಿದೆ. ಯಾರಾದರೂ ಅಷ್ಟು ಕೆಳಗೆ ಹೋಗಿ ಓದುತ್ತಾರೋ ಗೊತ್ತಿಲ್ಲ.

ಹುಡುಗಿ ಮತ್ತೆ ಪ್ರವೇಶ ಪರೀಕ್ಷೆ ಬರೆಯಲಿಲ್ಲ. ಕೊಯಮತ್ತೂರಿನ ಒಂದು ಸೀರೆ ಅಂಗಡಿಯಲ್ಲಿ ಆನ್‌ಲೈನ್ ಮಾರಾಟ ನೋಡಿಕೊಳ್ಳುತ್ತಾಳೆ. ಮದುವೆ ನಿಶ್ಚಯವಾಗಿದೆ. ಒಮ್ಮೆ ನಾನು ಓದಿನ ಮಾತು ತೆಗೆದಾಗ, "ಆ ವರ್ಷ ಇದ್ದ ಹುಮ್ಮಸ್ಸು ಈಗ ಇಲ್ಲ ಅಕ್ಕಾ" ಅಂದಳು, ಅಷ್ಟೇ.

ಇಷ್ಟೆಲ್ಲ ಆದದ್ದನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಅಂತ ಮುಂದೂಡುತ್ತಲೇ ಇದ್ದೆ. ಈ ವರ್ಷ ಮಾಸಾಣಿ ಅಮ್ಮನ ದರ್ಶನಕ್ಕೆ ಆನೈಮಲೈಗೆ ಹೋದವರು ಅಕ್ಕನ ಮನೆಗೂ ಹೋದೆವು. ನನ್ನ ಗಂಡ ಚಾಮರಾಜನಗರದ ಕಡೆಯವರು, ನನಗೆ ಕನ್ನಡ ಓದುಬರಹ ಕಲಿಸಿದ್ದು ಅವರೇ. ಅವರು ಅಕ್ಕನ ಯಜಮಾನರ ಜೊತೆ ತೋಟ ನೋಡಲು ಹೋದರು. ಅಕ್ಕ ಅಂಗಳದಲ್ಲಿ ಕೊಬ್ಬರಿ ಹರಡುತ್ತಿದ್ದರು. ನಾನೂ ಕೈಹಾಕಿದೆ. ಹರಡುತ್ತಾ ಹರಡುತ್ತಾ ಹೇಳಿದೆ.

ಎಲ್ಲ ಮುಗಿದ ಮೇಲೆ ಅಕ್ಕ, "ಅವಳ ನಂಬರ್ ಇದೆಯಾ?" ಅಂದರು.

"ಯಾಕಕ್ಕಾ ಈಗ?"

"ಫೋನ್ ಹಾಕು."

ಹಾಕಿಕೊಟ್ಟೆ. ಅಕ್ಕ ತಮಿಳಿನಲ್ಲಿ ತಾನು ಯಾರು ಅಂತ ಹೇಳಿ, "ಆ ಸಾಲು ನಾನು ಅಳಿಸಬಾರದಿತ್ತಮ್ಮ" ಅಂದರು. ಆ ಕಡೆಯಿಂದ ಹುಡುಗಿ ಏನೋ ಹೇಳುತ್ತಲೇ ಇದ್ದಳು, ಉದ್ದಕ್ಕೆ. ಅಕ್ಕ ಹೂಂ, ಹೂಂ ಅನ್ನುತ್ತಿದ್ದರು. ಮದುವೆಗೆ ಬರುತ್ತೇನೆ ಅಂದರು. ಫೋನ್ ನನ್ನ ಕೈಗೆ ಕೊಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಏನಂದಳು?" ಅಂದೆ.

"ನೀವು ಬೇಜಾರು ಮಾಡ್ಕೋಬೇಡಿ ಅಂದಳು. ನನಗೇ ಸಮಾಧಾನ ಹೇಳಿದಳಮ್ಮ, ಆ ಮಗು. ಬೈದಿದ್ರೆ ತಡ್ಕೊಬಹುದಿತ್ತು."

ಮೋಡ ಕವಿಯುತ್ತಿತ್ತು. ಅಕ್ಕ ಟಾರ್ಪಾಲಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದು ಕೊಬ್ಬರಿ ಮುಚ್ಚಿದೆ.